ಮೇಜು ತಟ್ಟಿದ ಕೈ

ಜುಲೈ 10, ಬುಧವಾರ. ಬೆಳಿಗ್ಗೆ 6.40

ಸ್ನಾನ ಆಯಿತು. ಸಂಧ್ಯಾವಂದನೆ ಆಯಿತು. ಕಾಫಿ ಆಯಿತು. ಫೋನಿನಲ್ಲಿ ಒಂದು ಪೋಕರ್ ಆಟವೂ ಆಯಿತು, ಗೆದ್ದೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಬರೆಯಬಾರದೇನೋ... ಇರಲಿ, ಓದುವವರು ಯಾರು?

ನಿನ್ನೆ ಕೋಡಂಬಾಕ್ಕಂಗೆ, ಮಗಳ ಮನೆಗೆ ಹೋಗಿದ್ದೆ. ಕೃತಿಗೆ ಬ್ಯಾಂಕಿನಲ್ಲಿ ಪ್ರಮೋಷನ್ ಬಂದಿದೆ. ಮೈಸೂರಿಗೆ ಪೋಸ್ಟಿಂಗ್. ಒಪ್ಪಿಗೆಯೋ ಇಲ್ಲವೋ, 17ರೊಳಗೆ ಬರೆದುಕೊಡಬೇಕು. ಬೇಡ ಅಂದರೆ ಇನ್ನು ಮೂರು ವರ್ಷ ಆ ಮಾತೇ ಇಲ್ಲವಂತೆ. ಅವಳ ಮನಸ್ಸು ಬೇಡ ಅನ್ನುವ ಕಡೆಗೇ ವಾಲಿದೆ. ಗಂಡನ ಕೆಲಸ ಇಲ್ಲಿ, ಮಗುವಿನ ಸ್ಕೂಲು ಇಲ್ಲಿ. "ಇವ್ರು ಈಗ ಸರಿಯಾಗಿದಾರಲ್ಲಪ್ಪಾ, ಬಿಟ್ಟು ಯಾಕೆ ಹೋಗ್ಲಿ? ನೀವೇನಂತೀರಿ?" ಅಂದಳು.

ಸರಿಯಾಗಿದ್ದಾರೆ ಅಂದೆ. ಇನ್ನೇನು ಅನ್ನಲಿ? ಅಳಿಯನಿಗೆ ಜಾಮೀನು ನಿಂತವನು ನಾನೇ.

ಮೊಮ್ಮಗ ಸಾಯಿ ಹುಟ್ಟಿದ ದಿನ ಗಿರಿಧರ್ ಗೋವಾದ ಕ್ಯಾಸಿನೊದಲ್ಲಿ ಇಸ್ಪೀಟು ಆಡುತ್ತಿದ್ದ. ಎರಡು ದಿನ ಫೋನ್ ಆಫ್. ಆಸ್ಪತ್ರೆಯ ಫಾರಂಗೆ ಸಹಿ ಹಾಕಿದ್ದು ನಾನು. ಆಮೇಲೆ ಅವನ ಕೆಲಸವೂ ಹೋಯಿತು. ಕೃತಿ ಕೂಸನ್ನು ಕಟ್ಟಿಕೊಂಡು ತಾಂಬರಂಗೆ, ನನ್ನ ಮನೆಗೆ ಬಂದು ಹತ್ತು ತಿಂಗಳು ಇದ್ದಳು. ಕೊನೆಗೆ ಅವನು ಬಂದು ರಾಯರ ಪಟದ ಮುಂದೆ ನಿಂತು, ಇನ್ನು ಎಲೆ ಮುಟ್ಟಲ್ಲ ಅಂತ ಆಣೆ ಮಾಡಿದ. ಕೃತಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನಾನು ಜವಾಬ್ದಾರಿ, ಹೋಗಮ್ಮ" ಅಂದೆ. ಆ ಮಾತಿಗೆ ಸರಿಯಾಗಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಎಲ್ಲರೂ ಕೃಷ್ಣ ಕೃಷ್ಣ ಅಂತ ನೆಲ ತಟ್ಟಿದೆವು. ಆಡಿದ ಮಾತಿನ ಹಿಂದೆ ಹಲ್ಲಿ ನುಡಿದರೆ ಆ ಮಾತು ಸತ್ಯ — ನಮ್ಮ ಮನೆಯಲ್ಲಿ ಅದಕ್ಕೆ ಅಪೀಲಿಲ್ಲ. ಮಾರನೆಯ ಬೆಳಿಗ್ಗೆ ಕೃತಿ ಪೆಟ್ಟಿಗೆ ಕಟ್ಟಿದಳು.

ಮಾವ ನಿದ್ದೆಯಲ್ಲೂ ತಟ್ಟುತ್ತಾರೆ ಅಂತ ಗಿರಿ ಗೇಲಿ ಮಾಡುತ್ತಾನೆ. ಸುಳ್ಳಲ್ಲ. ಎಗ್ಮೋರ್ ರಿಸರ್ವೇಶನ್ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ. ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ಸಂಸಾರವೇ ಇತ್ತು. ನಾನು ಮೇಜು ತಟ್ಟಿದಾಗಲೆಲ್ಲ ಕಿಟಕಿಯ ಆಚೆಯವರು ಬೆಚ್ಚಿ ನೋಡುತ್ತಿದ್ದರು.

ಜುಲೈ 11, ಗುರುವಾರ. ಸಂಜೆ

ಬ್ಯಾಗು ಕಟ್ಟಿದೆ. ಎರಡು ಪಂಚೆ, ಎರಡು ಪ್ಯಾಂಟು. ಪಂಚೆ ಬರೀ ತೋರಿಕೆಗೆ.

ಅಳಿಯನ ತಲೆ ಕೆಡಿಸಿದ್ದು ಅದೇನಿರಬಹುದು ನೋಡೋಣ ಅಂತ ಎರಡು ವರ್ಷದ ಹಿಂದೆ ಆ ಪೋಕರ್ ಇಸ್ಪೀಟಾಟವನ್ನು ಫೋನಿಗೆ ಹಾಕಿಕೊಂಡೆ. ವೈರಿಯ ಗುಟ್ಟು ತಿಳಿಯಬೇಕಲ್ಲ. ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಹೋದ ತಿಂಗಳು ಮೂರು ಸಾವಿರ ಜನರಲ್ಲಿ ಒಂಬತ್ತನೆಯವನಾಗಿ ಬಂದು ಫ್ರೀ ಸೀಟು ಗೆದ್ದೆ. ಚೆನ್ನೈ ಹಾರ್ಬರಿನಿಂದ ಹಡಗು, ಅದರೊಳಗೆ ಕ್ಯಾಸಿನೊ, ಶನಿವಾರ ಇಡೀ ದಿನ ಟೂರ್ನಮೆಂಟು. ಅರವತ್ತೆರಡನೆಯ ವಯಸ್ಸಿಗೆ ಇದು! ಅಸಹ್ಯ ಅನಿಸಬೇಕಿತ್ತು. ಖುಷಿಯಾಗಿದೆ.

ಕೃತಿಗೆ ಮಂತ್ರಾಲಯ ಅಂತ ಹೇಳಿದ್ದೇನೆ. ಸಾಯಿ ಫೋನ್ ಕಿತ್ತುಕೊಂಡು "ತಾತಾ, ಎಂಗ ಪೋರೀಂಗ?" ಅಂದ, ಎಲ್ಲಿಗೆ ಹೋಗ್ತೀರಿ ಅಂತ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳೇ. ರಾಯರನ್ನು ನೋಡಲು ಅಂದೆ. ಮೂರು ವರ್ಷದ ಮಗುವಿಗೂ ಸುಳ್ಳು ಹೇಳಿದ ಹಾಗಾಯಿತು. ನನ್ನ ಹೆಂಡತಿ ಸೀತಾ ಬದುಕಿದ್ದಿದ್ದರೆ ನನ್ನ ಮುಖ ನೋಡಿಯೇ ಹಿಡಿಯುತ್ತಿದ್ದಳು. ಪ್ರಸಾದ ತರುವುದು ಮರೆಯಬೇಡಿ ಅಂದಳು ಕೃತಿ. ಗಿರಿಗೂ ನಾಳೆಯಿಂದ ಕೊಯಮತ್ತೂರಿನಲ್ಲಿ ಆಡಿಟ್ ಅಂತೆ, ಇನ್ಶೂರೆನ್ಸ್ ಆಫೀಸಿನ ಕೆಲಸ. ಮನೆಯಲ್ಲಿ ಅವಳು, ಮಗು, ಇಬ್ಬರೇ.

ಜುಲೈ 13, ಶನಿವಾರ. ಬೆಳಿಗ್ಗೆ 10.15

ಹಡಗು. ಫೋನಿಗೆ ಸಿಗ್ನಲ್ ಇಲ್ಲ. ತಿಂಡಿಗೆ ಉಪ್ಪಿಟ್ಟು ಇತ್ತು, ಈರುಳ್ಳಿ ಹಾಕಿದ್ದರು, ಬಿಟ್ಟೆ. ಕ್ಯಾಸಿನೊ ಹಾಲ್‌ನಲ್ಲಿ ಹನ್ನೆರಡು ಮೇಜು, ನೂರಕ್ಕೂ ಹೆಚ್ಚು ಜನ. ಎಲ್ಲ ಹುಡುಗರು. ಟೋಪಿ, ಕಪ್ಪು ಕನ್ನಡಕ, ಕಿವಿಗೆ ಯಂತ್ರ. ನನ್ನ ಹಣೆಯ ಅಕ್ಷತೆ ನೋಡಿ ಒಬ್ಬ "ಅಂಕಲ್, ಭಜನೆ ಮೇಲಿನ ಡೆಕ್ಕಿನಲ್ಲಿ" ಅಂದ. ನೋಡೋಣ ತಮ್ಮಾ ಅಂದೆ, ಕನ್ನಡದಲ್ಲೇ.

ಮಧ್ಯಾಹ್ನ 1.25 — ಬ್ರೇಕ್

ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಚೆನ್ನಾಗಿಯೇ ಆಡುತ್ತಿದ್ದೆ. ಭಜನೆ ಅಂದವನನ್ನು ನಾನೇ ಎಬ್ಬಿಸಿದೆ. ಸೋತವರು ಎದ್ದ ಹಾಗೆಲ್ಲ ಮೇಜು ಖಾಲಿಯಾಗುತ್ತದೆ, ಉಳಿದವರನ್ನು ಒಟ್ಟು ಹಾಕುತ್ತಾರೆ. ಹಾಗೆ ನನ್ನನ್ನು ಏಳನೆಯ ಮೇಜಿಗೆ ಕಳಿಸಿದರು. ಪಣದ ಬಿಲ್ಲೆಗಳ ತಟ್ಟೆ ಹಿಡಿದು ಹೋಗಿ ಕೂತೆ. ಎದುರಿನವನ ಮುಖ ಟೋಪಿಯ ಕೆಳಗೆ. ಮೊದಲು ಕಂಡಿದ್ದು ಬೆರಳು. ಬೆರಳಿನಲ್ಲಿ ನವರತ್ನದ ಉಂಗುರ. ಮದುವೆಯಲ್ಲಿ ಅಳಿಯನಿಗೆ ಅಂತ ಸೀತಾ ಡಿಸೈನ್ ಹೇಳಿ ಮಾಡಿಸಿದ್ದು, ನಾನೇ ತೊಡಿಸಿದ್ದು.

ಗಿರಿ. ಕೊಯಮತ್ತೂರಿನಲ್ಲಿರುವ ಗಿರಿ.

ಅವನೂ ತಲೆ ಎತ್ತಿದ. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನನ್ನದೂ ಹಾಗೇ ಇದ್ದಿರಬೇಕು. ಎಲೆ ಹಂಚುವ ಹುಡುಗಿ ನಿಮ್ಮ ಸರದಿ ಅಂತ ಎರಡು ಸಲ ಕರೆದಳಂತೆ. ಕೇಳಿಸಲಿಲ್ಲ. ಒಳ್ಳೆಯ ಎಲೆ ಬಿಸಾಕಿದೆ.

ಸಂಜೆ 4.20 — ಎರಡನೆಯ ಬ್ರೇಕ್

ಡೆಕ್ಕಿಗೆ ಬಂದ. ಪಕ್ಕದಲ್ಲಿ ನಿಂತ. ಕಾಲು ಹಿಡಿಯುತ್ತಾನೆ ಅಂದುಕೊಂಡಿದ್ದೆ. ಸಮುದ್ರ ನೋಡಿಕೊಂಡು, ಮೆಲ್ಲಗೆ, "ಮಂತ್ರಾಲಯ ಹೇಗಿದೆ ಮಾವಾ?" ಅಂದ.

ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಅಳಿಯನನ್ನು ನೀವು ತಾವು ಅಂತಿದ್ದ ನನ್ನ ಬಾಯಿಗೆ ಮೊದಲ ಸಲ ಏಕವಚನ ಬಂತು. "ಎಷ್ಟು ದಿನದಿಂದ ಆಡ್ತಿದೀಯ? ಯಾವಾಗ ಮತ್ತೆ ಶುರು ಮಾಡಿದೆ?"

"ನಿಲ್ಸಿದ್ದೇ ಇಲ್ಲ ಮಾವಾ."

ನಿಲ್ಲಿಸಿದ್ದೇ ಇಲ್ಲ. ಸೇಲಂ ಆಡಿಟ್, ಮಧುರೈ ಆಡಿಟ್, ಯಾವುದೂ ಆಡಿಟ್ ಅಲ್ಲ. ರಾಯರ ಮುಂದೆ ಅವನು ಮಾಡಿದ್ದು ಆಣೆಯೂ ಅಲ್ಲ. ಆ ದಿನ ಹಲ್ಲಿ ನುಡಿದದ್ದು ಯಾವ ಮಾತಿಗೆ? ರೇಲಿಂಗ್ ಹಿಡಿದುಕೊಂಡೆ. ಅಲ್ಲಿ ನನ್ನ ಮಗಳು ಪ್ರಮೋಷನ್ ಬೇಡ ಅಂತ ಬರೆಯಲು ಕೂತಿದ್ದಾಳೆ, ಈ ಮಹಾನುಭಾವನ ಜೊತೆ ಇರಬೇಕು ಅಂತ!

ಕೃತಿಗೆ ಹೇಳುತ್ತೇನೆ ಅಂದೆ. ಹೇಳಿ, ಎಲ್ಲಿ ನೋಡಿದಿರಿ ಅಂತಲೂ ಹೇಳಬೇಕಾಗುತ್ತದೆ ಅಂದ. ದನಿಯಲ್ಲಿ ಜಂಬ ಇರಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಆಮೇಲೆ ಯಾರ ಬಾಯಿಂದ ಬಂತೋ ಆ ಮಾತು. ನನ್ನ ಬಾಯಿಂದಲೇ. ಒಪ್ಪಿಕೊಳ್ಳುತ್ತೇನೆ. ನಾನು ನಿನ್ನನ್ನು ಮೇಜಿನಿಂದ ಎಬ್ಬಿಸಿದರೆ ನೀನೇ ಹೋಗಿ ಕೃತಿಗೆ ಎಲ್ಲಾ ಹೇಳಬೇಕು ಅಂದೆ. ಆಯ್ತು ಅಂದ. ನಾನು ನಿಮ್ಮನ್ನು ಎಬ್ಬಿಸಿದರೆ? ಅಂತ ಕೇಳಿದ. ಆಗ ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದೆ. ಕೈ ಕುಲುಕಿದೆವು. ಮಾವ ಅಳಿಯ, ನಡುಸಮುದ್ರದಲ್ಲಿ, ಸಂತೆಯಲ್ಲಿ ಎಮ್ಮೆ ವ್ಯಾಪಾರ ಮುಗಿಸಿದವರ ಹಾಗೆ.

ಬರೆದ ಮೇಲೆ ಈಗ ಓದಿದೆ. ಮಗಳ ಬಾಳನ್ನೇ ಪಣಕ್ಕಿಟ್ಟಿದ್ದೇನೆ. ಥೂ.

ಗಂಟೆ ಹೊಡೆದರು. ಹೋಗಬೇಕು.

ಸಂಜೆ 6.50 — ಕ್ಯಾಬಿನ್

ಮುಗಿಯಿತು. ಎದ್ದು ಬಂದೆ. ಎಬ್ಬಿಸಿದ.

ಹೇಗಾಯಿತು ಅಂತ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾನೇ ನಂಬಲಾರೆ.

ಆರು ಗಂಟೆಗೆ ಎರಡು ಮೇಜು ಉಳಿದಿದ್ದವು. ಹದಿನೆಂಟು ಜನರಲ್ಲಿ ನಾನೊಬ್ಬ. ಕೈಗೆ ಎರಡು ಎಕ್ಕ ಬಂದವು. ಮೇಜಿನ ಮೇಲೆ ಎಲ್ಲರ ಪಾಲಿಗೂ ಬಿಚ್ಚಿದ ಮೂರರಲ್ಲಿ ಇನ್ನೊಂದು ಎಕ್ಕ. ಒಟ್ಟು ಮೂರು! ಇದಕ್ಕಿಂತ ಏನು ಬೇಕು. ಎಲ್ಲರೂ ಎಲೆ ಕೆಳಗಿಟ್ಟರು, ಗಿರಿ ಮಾತ್ರ ಉಳಿದ. ನಾಲ್ಕನೆಯ ಎಲೆ ಬಿತ್ತು, ಅದು ಯಾರಿಗೂ ಉಪಯೋಗವಿಲ್ಲದ ನಾಲ್ಕು. ಮೇಜಿನ ಮೇಲೆ ಎರಡು ಆಟೀನು ಇದ್ದವು. ಅವನ ಕೈಯಲ್ಲಿ ಇನ್ನೆರಡು ಆಟೀನು ಇದ್ದು, ಕೊನೆಯ ಎಲೆಯೂ ಆಟೀನು ಬಂದರೆ ಮಾತ್ರ ನನಗೆ ಭಯ, ಒಂದೇ ಜಾತಿಯ ಐದು ಎಲೆಗೆ ಮೂರು ಎಕ್ಕ ಸೋಲುತ್ತವೆ. ಅದನ್ನು ನೋಡಲು ಅವನಿಗೆ ಬಿಡಬಾರದು. ಈಗಲೇ ಎಲ್ಲಾ ಬಿಲ್ಲೆ ಮುಂದಕ್ಕೆ ತಳ್ಳಿದರೆ ಅವನು ಹೆದರಿ ಬಿಡುತ್ತಾನೆ, ಇಲ್ಲವೇ ತಪ್ಪು ಮಾಡಿ ಸಿಕ್ಕಿಬೀಳುತ್ತಾನೆ. ಮೊದಲ ಸರದಿ ನನ್ನದು. ಬಿಲ್ಲೆಗಳ ಕಡೆಗೆ ಎಡಗೈ ಚಾಚಿದೆ.

ಲೊಚ್ ಲೊಚ್ ಲೊಚ್.

ಬಲಗೈ ತಾನೇ ಹೋಯಿತು. ಬೆರಳ ತುದಿಯಿಂದ ಮೇಜು ತಟ್ಟಿದೆ. ಕೃಷ್ಣ ಕೃಷ್ಣ.

ಹುಡುಗಿ "ಚೆಕ್" ಅಂದಳು.

ಚೆಕ್ ಅಂದರೆ, ಈ ಸರದಿ ನನಗೆ ಬೇಡ, ಮುಂದೆ ನಡೆಯಲಿ. ಮೇಜು ತಟ್ಟಿದರೆ ಅದೇ ಅರ್ಥ. ಬೆಳಿಗ್ಗೆಯಿಂದ ನಾನೇ ಐವತ್ತು ಸಲ ತಟ್ಟಿದ್ದೇನೆ! ಇಲ್ಲ, ಇಲ್ಲ, ನಾನು ತಟ್ಟಿದ್ದು ಹಲ್ಲಿಗೆ ಅಂದೆ. ಸೂಪರ್‌ವೈಸರ್ ಬಂದ. ಅವನಿಗೆ ಇಂಗ್ಲಿಷಿನಲ್ಲಿ ಹಲ್ಲಿಯ ಶಾಸ್ತ್ರ ವಿವರಿಸಿದೆ. ಇಡೀ ಮೇಜು ನಕ್ಕಿತು. ಸಾರಿ ಸರ್, ತಟ್ಟಿದ ಮೇಲೆ ಮುಗಿಯಿತು ಅಂದ. ಮೂವತ್ತನಾಲ್ಕು ವರ್ಷ ಕೌಂಟರಿನ ಈಚೆ ಕೂತು ನಾನೂ ಜನಕ್ಕೆ ಅದೇ ದನಿಯಲ್ಲಿ ರೂಲ್ಸು ಹೇಳಿದ್ದೇನೆ.

ಗಿರಿಯೂ ಮೇಜು ತಟ್ಟಿದ. ಕೊನೆಯ ಎಲೆ ಪುಕ್ಕಟೆಯಾಗಿ ಬಂತು. ಆಟೀನಿನ ಎರಡು. ನನಗೆ ತಲೆ ಕೆಟ್ಟಿತ್ತು. ಆಗಬಾರದ್ದು ಆಗಿದೆ ಅಂತ ಗೊತ್ತಿದ್ದೂ ಎಲ್ಲಾ ತಳ್ಳಿದೆ. ಅವನು ಎಲೆ ತಿರುಗಿಸಿದ. ಆಟೀನಿನ ರಾಜ, ಆಟೀನಿನ ಒಂಬತ್ತು.

ಎದ್ದು ನಿಂತಾಗ ತಲೆಗೆ ಹೊಳೆಯಿತು. ಏಸಿ ಹಾಲ್, ನೆಲಕ್ಕೆ ಕಾರ್ಪೆಟ್ಟು, ಸುತ್ತ ಬಂಗಾಳ ಕೊಲ್ಲಿ. ಇಲ್ಲಿ ಎಲ್ಲಿಂದ ಬರಬೇಕು ಹಲ್ಲಿ? ಅವನ ಮುಖ ನೋಡಿದೆ. ತುಟಿ ಇನ್ನೂ ಒಂದು ಪಕ್ಕಕ್ಕೆ ಸೊಟ್ಟಗಿತ್ತು.

"ನೀನಾ?" ಅಂದೆ.

"ಗೊತ್ತಿತ್ತಲ್ಲ ಮಾವಾ, ನೀವು ತಟ್ಟೇ ತಟ್ತೀರಿ ಅಂತ." ತಲೆ ತಗ್ಗಿಸಿಯೇ ಅಂದ.

ನಮ್ಮ ಮನೆಯ ಊಟದ ಎಲೆಯ ಮುಂದೆ ಕೂತು ಕಲಿತದ್ದು. ದೇವರೇ.

ಜುಲೈ 15, ಸೋಮವಾರ. ಸಂಜೆ 5

ನಿನ್ನೆ ಬರೆಯಲಿಲ್ಲ. ಕ್ಯಾಬಿನ್ನಿನಿಂದ ಆಚೆ ಹೋಗಲಿಲ್ಲ. ಬೆಳಿಗ್ಗೆ ಹಾರ್ಬರಿನಲ್ಲಿ ಇಳಿದೆ. ಬೀಚ್ ಸ್ಟೇಷನ್ನಿನಿಂದ ತಾಂಬರಂ ಲೋಕಲ್. ಫೋನಿಗೆ ಜೀವ ಬಂತು. ಕೃತಿಯ ಮೆಸೇಜ್ ಆರು. ಕೊನೆಯದು ಸಾಯಿಯ ದನಿ, ರಾಯರಿಗೆ ವಣಕ್ಕಂ ಹೇಳು ಅಂತ. ಟ್ರೇನಿನಲ್ಲೇ ಕಣ್ಣೀರು ಬಂತು, ಪಕ್ಕದವರು ನೀರಿನ ಬಾಟಲಿ ಕೊಟ್ಟರು.

ಈಗ ಒಂದು ಗಂಟೆಯ ಹಿಂದೆ ಗಿರಿ ಬಂದಿದ್ದ. ಕೂರಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ. ಪರಿಮಳ ಪ್ರಸಾದದ ಪೊಟ್ಟಣ ಟೀಪಾಯಿಯ ಮೇಲಿಟ್ಟ. ಯಾರೋ ಮಂತ್ರಾಲಯದಿಂದ ತಂದದ್ದನ್ನು ಕೇಳಿ ಇಸಕೊಂಡನಂತೆ. ಕೃತಿ ಕೇಳುತ್ತಾಳೆ, ನೀವು ಮರೆತಿರುತ್ತೀರಿ ಅಂತ ತಂದೆ ಅಂದ. ಅಷ್ಟು ಅಚ್ಚುಕಟ್ಟು. ಹಡಗಿನಲ್ಲಿ ಮಾಡಿದ್ದಕ್ಕಿಂತ ಇದು ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಎರಡು ವರ್ಷ ಹೀಗೆಯೇ ಒಂದೊಂದು ಪೊಟ್ಟಣ ತಂದು ಸಂಸಾರ ಮಾಡಿದ್ದಾನೆ.

ಪೊಟ್ಟಣ ಎಸೆಯಲು ಆಗಲಿಲ್ಲ. ಪ್ರಸಾದ ಪ್ರಸಾದವೇ.

ಜುಲೈ 16, ಮಂಗಳವಾರ. ಸಂಜೆ 7.35. ಕೋಡಂಬಾಕ್ಕಂ

ಕೃತಿಯ ಮಲಗುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲು ಮುಚ್ಚಿದ್ದೇನೆ.

ಆರೂವರೆಗೆ ಬಂದೆ. ಬ್ಯಾಂಕಿಗೆ ಕಳಿಸುವ ಮೇಲ್ ಬರೆದಿಟ್ಟಿದ್ದಳು. ಓದಿ ಹೇಳಿದಳು. ಕೌಟುಂಬಿಕ ಕಾರಣಗಳಿಂದ ಬಡ್ತಿಯನ್ನು ನಿರಾಕರಿಸುತ್ತೇನೆ ಅಂತ ಇಂಗ್ಲಿಷಿನಲ್ಲಿ, ಎರಡೇ ಸಾಲು. ಆಮೇಲೆ ನಾನು ಕೊಟ್ಟ ಪ್ರಸಾದದ ಪೊಟ್ಟಣ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಸಾಯಿಯ ಕಣ್ಣಿಗೂ ಒತ್ತಿದಳು. ಚೂರು ಚೂರು ಎಲ್ಲರ ಕೈಗೆ ಹಾಕಿದಳು. ದರ್ಶನ ಚೆನ್ನಾಗಿ ಆಯ್ತಾ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗಿರಿ, "ಮಾವಂಗೆ ಒಳ್ಳೇ ದರ್ಶನ ಆಯ್ತಂತೆ" ಅಂದ.

ಲೊಚ್ ಲೊಚ್ ಅಂತು.

ಅವನ ತುಟಿ ನೋಡಿದೆ. ಅಲ್ಲ. ಸ್ವಿಚ್‌ಬೋರ್ಡಿನ ಮೇಲೆ, ಬಾಲ ಅಲ್ಲಾಡಿಸಿಕೊಂಡು ನಿಜವಾದ ಹಲ್ಲಿ.

ಕೃತಿ ಟೀಪಾಯಿ ತಟ್ಟಿದಳು, ಕೃಷ್ಣ ಕೃಷ್ಣ. ಸಾಯಿ ಎರಡೂ ಕೈಯಲ್ಲಿ ತಟ್ಟಿದ. ಗಿರಿಯೂ ತಟ್ಟಿದ. ಅವನೂ ತಟ್ಟಿದ!

ನನ್ನ ಕೈ ತೊಡೆಯ ಮೇಲೇ ಇತ್ತು. ಎತ್ತಲು ನೋಡಿದೆ ಅಂತಲೇ ಇಟ್ಟುಕೊಳ್ಳೋಣ. ಏಳಲಿಲ್ಲ. ಅರವತ್ತು ವರ್ಷ ನಿದ್ದೆಯಲ್ಲೂ ತಟ್ಟಿದ ಕೈ.

ಕೃತಿ ನಗುತ್ತಿದ್ದವಳು ನಿಲ್ಲಿಸಿದಳು. ನನ್ನ ಕೈ ನೋಡಿದಳು. ಆಮೇಲೆ ಗಂಡನ ಮುಖ. ಅವನು ಪೊಟ್ಟಣ ಮಡಿಸುತ್ತಿದ್ದ.

"ಅಪ್ಪಾ, ನೀವ್ಯಾಕೆ ತಟ್ಟಲಿಲ್ಲ?"

ಆ ಮೇಲ್ ಕಳಿಸಬೇಡ, ಐದು ನಿಮಿಷ ಇರು ಅಂದೆ. ಅಂದವನೇ ಎದ್ದು ಈ ಕೋಣೆಗೆ ಬಂದೆ. ಹೇಳುವುದನ್ನು ಮೊದಲು ಬರೆದುಕೊಂಡರೆ ದನಿ ನಡುಗುವುದಿಲ್ಲ ಅಂತ. ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಕೈ ಕುಲುಕಿದ್ದೇನೆ, ನಿಜ. ನಾನು ಜವಾಬ್ದಾರಿ ಅಂತ ಅದಕ್ಕಿಂತ ಮೊದಲು ಹೇಳಿದ್ದೇನೆ. ನನ್ನ ಮರ್ಯಾದೆ ಹೋಗುತ್ತದೆ. ಇನ್ನು ಮೇಲೆ ನಾನು ಹೇಳಿದ ಯಾವುದನ್ನೂ ಅವಳು ನಂಬಲಿಕ್ಕಿಲ್ಲ. ಮೈಸೂರಿಗೆ ಹೋಗುವಳೋ ಬಿಡುವಳೋ, ತಿಳಿದು ತೀರ್ಮಾನ ಮಾಡಲಿ.

ಮೊದಲು ನನ್ನದು. ಮಂತ್ರಾಲಯಕ್ಕೆ ಹೋಗಿರಲಿಲ್ಲಮ್ಮ. ಅಲ್ಲಿಂದ ಶುರು. ಆಮೇಲೆ ಫೋನು. ಆಮೇಲೆ ಹಡಗು. ಆಮೇಲೆ ಉಂಗು —

ಬಾಗಿಲು ತಟ್ಟುತ್ತಿದ್ದಾಳೆ.

ಬಾಮ್ಮ, ಚಿಲಕ ಹಾಕಿಲ್ಲ ಅಂದೆ. ಒಬ್ಬಳೇ ಬಂದಿದ್ದಾಳೆ. ಎದುರು ಕೂತಳು. ಪೆನ್ನು ಕೆಳಗಿಡುತ್ತೇನೆ, ಬಾಯಿಂದಲೇ ಹೇಳುತ್ತೇನೆ.