ಅಪ್ಪ ನಿಲ್ಲುತ್ತಿದ್ದ ಬದಿ

ತಂಪೆರೆ, ಬುಧವಾರ, ಅಕ್ಟೋಬರ್ 9, 2019

ಪ್ರೀತಿಯ ತೌನೊ ಅಣ್ಣನಿಗೆ,

ಮುಂದಿನ ಗುರುವಾರ ನನ್ನ ಎಡಗಿವಿಯ ಶಸ್ತ್ರಚಿಕಿತ್ಸೆ. ಗಡ್ಡೆ ತೆಗೆದ ಮೇಲೆ ಆ ಕಿವಿ ಕೇಳಿಸದಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಮೊದಲು, ಸರೋವರದ ದಂಡೆಯ ಕುಣಿತದ ಮಂಟಪದಲ್ಲಿ ನೀನು ಎರಡು ಮೈಕ್ ಇಟ್ಟು ಮುದ್ರಿಸಿದ ಅಪ್ಪನ ವಾದ್ಯಮೇಳವನ್ನು ಎರಡೂ ಕಿವಿಗಳಲ್ಲಿ ಕೇಳಬೇಕು. ಆ ಸಂಜೆ ಮೈಕಿನ ತಂತಿಯನ್ನು ಯಾರೂ ತುಳಿಯದಂತೆ ಕಾದವಳು ನಾನೇ.

ಹಿಂದಿನ ರಾತ್ರಿ ಆಸ್ಪತ್ರೆಯ ವಾರ್ಡಿನಲ್ಲಿ ಕೇಳುವಾಗ ಪಕ್ಕದವರಿಗೆ ಸದ್ದು ಹೋಗಬಾರದು. ಹಾಗಾಗಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು, ಬೆಲೆ ನೂರು ಯೂರೋ ದಾಟುವಂತಿಲ್ಲ. ನಿನ್ನೆ ನನ್ನಲ್ಲಿರುವ ಕ್ಯಾಸೆಟ್ಟನ್ನು ಅಂಗಡಿಗೆ ಒಯ್ದು, ಅದನ್ನೇ ಕೇಳುತ್ತ ಮೂರು ಹೆಡ್‌ಫೋನ್ ಹಾಕಿ ನೋಡಿದೆ. ಮೊದಲನೆಯದರಲ್ಲಿ ಬಾಸ್ ಗುಡುಗಿತು, ಆದರೆ ಮೇಳದವರೆಲ್ಲ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಂತಿತ್ತು. ಎರಡನೆಯದರಲ್ಲಿ ಅಪ್ಪ ನಿಂತು ನುಡಿಸುತ್ತಿದ್ದ ಆ ಆಳೆತ್ತರದ ತಂತಿವಾದ್ಯ, ಡಬಲ್ ಬಾಸ್, ಇಲ್ಲವೇ ಇಲ್ಲ. ಮೂರನೆಯದರಲ್ಲಿ ಎಲ್ಲರಿಗೂ ಜಾಗವಿತ್ತು, ಅಪ್ಪ ಮಾತ್ರ ಬಲಕ್ಕಿದ್ದರು.

“ಇದು ಸರಿಯಿಲ್ಲಪ್ಪ. ನಮ್ಮಪ್ಪ ಯಾವಾಗ್ಲೂ ಎಡಗಡೆ, ಕಿಟಕಿ ಹತ್ರ ನಿಲ್ತಿದ್ರು,” ಎಂದೆ.

“ನಿಮ್ಮಪ್ಪ ಸರಿಯಾಗೇ ನಿಂತಿದಾರಮ್ಮ. ನೀವೇ ಉಲ್ಟಾ ಹಾಕ್ಕೊಂಡಿದೀರ,” ಎಂದು ಅಂಗಡಿಯವನು ತಿರುಗಿಸಿ ಹಾಕಿದ.

ಅಪ್ಪ ಎಡಕ್ಕೆ ಬಂದರು. ಅವರು ಹಲಗೆಯ ಮೇಲೆ ಕಾಲಿನಿಂದ ತಾಳ ಹಾಕುವುದೂ ಕೇಳಿಸಿತು.

ಆದರೆ ನನ್ನಲ್ಲಿರುವ ಆ ಪ್ರತಿ ಸವೆದಿದೆ. ಮೂಲ ಟೇಪಿನಿಂದ ಹೊಸದೊಂದು ಮಾಡಿ ಬೇಗ ಕಳಿಸು. ಹಾಡುಗಳ ನಡುವಿನ ಮಾತುಗಳನ್ನು ಕತ್ತರಿಸಬೇಡ.

ಶನಿವಾರ ಹೋಗಿ ಆ ಮೂರನೆಯದನ್ನೇ ಕೊಳ್ಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ನಿನಗೆ ಕಳಿಸುವುದೆಂದು ತೀರ್ಮಾನಿಸಿದ್ದೇನೆ. ಒಂದು ಕಿವಿಗೆ ಅಡುಗೆಮನೆಯ ರೇಡಿಯೋ ಸಾಕು.

ನಿನ್ನ ತಂಗಿ,
ಹಿಲ್ಕಾ