ಬಸವಣ್ಣನನ್ನು ಕಳಿಸಿಕೊಟ್ಟ ಓಣಿ

ಇಳಕಲ್ಲ,
ತಾ. ೧೪-೧೧-೧೯೮೩

ನನ್ನ ಮುದ್ದು ಸಿದ್ದಲಿಂಗವ್ವನಿಗೆ ಅವ್ವನ ಆಶೀರ್ವಾದ.

ಕಾಲಿನ ಬಾವು ಇಳಿಯಿತೆ? ಬಾಗಲಕೋಟೆಯಲ್ಲಿ ಅಳಿಯಂದಿರು, ಅತ್ತೆಯವರು ಕ್ಷೇಮವೆ? ಹುಣಸೆಕಾಯಿ ತಿನ್ನುವುದನ್ನು ನೀನು ಬಿಟ್ಟಿರಲಿಕ್ಕಿಲ್ಲ. ಚಿಕ್ಕವಳಿದ್ದಾಗಲೇ ಬಿಡಲಿಲ್ಲ, ಈಗಂತೂ ಬಸುರಿ ಎಂಬ ನೆಪ ಬೇರೆ. "ಕುಬಸ ಮಾಡಿ ಕರಕೊಂಡು ಹೋಗಾಕ ಯಾವಾಗ ಬರ್ತೀರಿ?" ಎಂದು ಎರಡು ಪತ್ರಗಳಲ್ಲಿ ಕೇಳಿದ್ದೀ. ಏಳು ತಿಂಗಳು ತುಂಬಿತು, ಚೊಚ್ಚಲ ಬಾಣಂತನ ತವರಿನದು, ನನಗೆ ಗೊತ್ತಿಲ್ಲವೆ? ಕುಬಸದ ಹಸಿರು ಸೀರೆ ನಿಮ್ಮಪ್ಪನ ಮಗ್ಗದಿಂದ ಇಳಿದು ಎಂಟು ದಿನವಾಯಿತು. ಒಳಗಿನ ಕೋಣೆ ಸಾರಿಸಿ ನೀನು ಮಲಗಲು ಹೊರಸನ್ನೂ ಹಾಕಿದ್ದೇನೆ. ಆದರೂ ಉತ್ತರ ಬರೆಯಲು ಕೈ ಓಡಲಿಲ್ಲ.

ನಮ್ಮ ಗೋಡೆಗೆ ಹೊಂದಿ ಸೆರೆ ಮಾರುವ ಬಾರು ಆದದ್ದನ್ನು ಹಿಂದೆ ಬರೆದಿದ್ದೆ. ಈಗ ಬೆಳಿಗ್ಗೆ ಹತ್ತಕ್ಕೇ ಗದ್ದಲ ಶುರು. ಓಣಿಯಲ್ಲಿ ನೂಲು ಹಾಸುವಂತಿಲ್ಲ, ಕುಡಿದವರು ಅದರ ಮೇಲೆಯೇ ಬೀಳುತ್ತಾರೆ. ಹೆಣ್ಣುಮಕ್ಕಳು ನೀರಿಗೆ ಸುತ್ತು ಹಾಕಿ ಹೋಗುತ್ತಾರೆ. ಬೇವಿನ ಗಿಡದ ಕೆಳಗಿನ ಬಸವಣ್ಣನ ಕಟ್ಟೆಗೆ ಒರಗಿ ಕುಡಿದು ಅಲ್ಲಿಯೇ ವಾಂತಿ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಓಣಿಯವರೆಲ್ಲ ಕೂಡಿದಾಗ ನಾನೇ ಬಾಯಿ ಹಾಕಿದೆ: "ಈ ಹೊಲಸಿನ್ಯಾಗ ದೇವರನ್ನ ಯಾಕ ಕುಂದ್ರಸೂದು? ಮಠಕ್ಕ ಒಯ್ರಿ." ಎಲ್ಲರೂ ಹೌದೆಂದರು, ಮಠದ ಸಂಗಯ್ಯನವರೂ ಒಪ್ಪಿದರು. ಸೋಮವಾರ ಭಜನೆ ಮಾಡುತ್ತ ಬಸವಣ್ಣನನ್ನು ಒಯ್ದು ಮಠದಲ್ಲಿ ಕೂಡಿಸಿದೆವು. ದೊಡ್ಡ ಪುಣ್ಯ ಕಟ್ಟಿಕೊಂಡೆನೆಂದು ಬೀಗಿದ್ದೆ.

ನಾಲ್ಕೇ ದಿನಕ್ಕೆ ವಿಜಾಪುರದಿಂದ ಅಬಕಾರಿ ಸಾಹೇಬರು ಬಂದರು. ಬಾರು ತೆಗೆಸಿರೆಂದು ನಾವೆಲ್ಲ ಸಹಿ ಮಾಡಿ ಕಳಿಸಿದ್ದ ಅರ್ಜಿಗೆ ಇದ್ದದ್ದು ಒಂದೇ ಆಧಾರ, ದೇವರ ಸ್ಥಾನದ ಹತ್ತಿರ ಬಾರು ಇರಬಾರದೆಂಬ ಕಾಯಿದೆ. ಟೇಪು ಹಿಡಿದು ಬಂದವರು ಕಟ್ಟೆ ನೋಡಿ ನಿಂತರು. "ದೇವರೆಲ್ಲೈತ್ರಿ? ಖಾಲಿ ಕಟ್ಟಿ ಅಳೀಲೇನು?" ಆಚೆ ಮನೆಯ ಮುರ್ತುಜಸಾಬ ಕೈ ಮುಗಿದು, "ನಾಳೇನ ಹೊಳ್ಳಿ ತರತೇವ್ರಿ ಸಾಹೇಬ್ರ" ಎಂದ. "ಹಂಗಾದ್ರ ಬಾರು ಮೊದಲ, ದೇವರು ಆಮ್ಯಾಲೆ ಬಂದದ್ದಂತ ಬರಕೋಬೇಕಾಗ್ತದ" ಎಂದು ಅವರು ಕಾಗದ ಮಡಚಿದರು. ಅರ್ಜಿ ಅಲ್ಲಿಗೇ ಮುಗಿಯಿತು. ನನ್ನ ಭಕ್ತಿಗೆ ಬೆಂಕಿ ಬೀಳಲಿ! ಓಣಿಯವರು ಒಬ್ಬರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಂದಿಷ್ಟು ಅತ್ತು ಹಗುರಾಗುತ್ತಿದ್ದೆ.

ಅತ್ತೆಯವರಿಗೆ ನನ್ನ ಶರಣು ಹೇಳು. ಹೊಟ್ಟೆಯಲ್ಲಿನ ಕೂಸಿಗೆ ನನ್ನ ಆಯುಷ್ಯವೂ ಸೇರಲಿ.

ನಿನ್ನ ಅವ್ವ,
ಚಂದವ್ವ

ತಾ.ಕ.: ಇದನ್ನು ಬರೆಯಬೇಡ ಎಂದು ನಿಮ್ಮಪ್ಪ ಹೇಳಿದ್ದರು. ನಿನ್ನೆ ಮಧ್ಯಾಹ್ನ ಕುಡುಕನೊಬ್ಬ ಬಾಗಿಲು ನೂಕಿಕೊಂಡು ಬಂದು ನಿನ್ನ ಹೊರಸಿನ ಮೇಲೆ ಮಲಗಿಬಿಟ್ಟ. ಎಬ್ಬಿಸಲು ಹೋದ ನಿಮ್ಮಪ್ಪನನ್ನು ತಳ್ಳಿದ. ಅವರ ಬಲಗೈ ಉಳುಕಿ ಮಗ್ಗಕ್ಕೆ ಕೂಡುವಂತಿಲ್ಲ. ಆ ಕೋಣೆಯಲ್ಲಿ ನಿನ್ನನ್ನು, ಹಸಿಗೂಸನ್ನು ಹೇಗೆ ಮಲಗಿಸಲಿ? ಬರಬೇಡ ನನ್ನವ್ವ. ಹೆತ್ತವಳು ಬರೆಯಬಾರದ ಮಾತನ್ನು ಬರೆದಿದ್ದೇನೆ. ಮಗಳ ಮನೆಯಲ್ಲಿ ಹೋಗಿ ಉಳಿಯುವ ಪದ್ಧತಿ ನಮ್ಮಲ್ಲಿಲ್ಲ, ಆದರೂ ಮರ್ಯಾದೆ ಬಿಟ್ಟು ಕೇಳುತ್ತೇನೆ: ಬಾಣಂತನ ಮಾಡಲು ನಾನೇ ಅಲ್ಲಿಗೆ ಬಂದರೆ ನಿನ್ನ ಅತ್ತೆಯವರು ಅಡುಗೆಮನೆಯ ಮೂಲೆಯಲ್ಲಿ ಮಲಗಲು ಜಾಗ ಕೊಡುತ್ತಾರೇನು, ಕೇಳಿ ಬರೆ.