ಹಗ್ಗದ ಕೆಳತುದಿ

ಮಾರ್ಚ್ ೯, ಭಾನುವಾರ ಸಂಜೆ

ನನ್ನ ಸಿಡುಕಿ ಮಗಳಿಗೆ, ಬೇಡವೆಂದರೂ ಅಮ್ಮನ ಮುತ್ತು.

ನಿನ್ನ ಪತ್ರ ತಲುಪಿತು. ಫೋನಿನಲ್ಲಾದರೆ ಇಬ್ಬರೂ ಕಿರುಚುತ್ತೇವೆ, ಪತ್ರವೇ ವಾಸಿ. ಬಂಡೆ ಹತ್ತುವುದನ್ನು ಬಿಡುತ್ತೇನೆಂದು ಮಾತು ಕೊಡುವವರೆಗೂ ನೀನು ಈ ಮನೆಗೆ ಬರುವುದಿಲ್ಲವಂತೆ. ಅರವತ್ತಕ್ಕೆ ಅರಳು ಮರಳು ಎಂದೂ ಬರೆದಿದ್ದೀಯ. ನನಗೀಗ ಅರವತ್ತೆರಡು ಕಣೇ, ತಡವಾಗಿ ಬೈಯುತ್ತಿದ್ದೀಯ. ನಗು ಬಂತು, ಹಿಂದೆಯೇ ಅಳುವೂ ಬಂತು. ನೀನಿಲ್ಲದೆ ಊಟ ಗಂಟಲಲ್ಲಿ ಇಳಿಯುತ್ತಿಲ್ಲ.

ಜೊತೆಗೆ ಅಳಿಯಂದಿರ ಮೇಲೂ ದೂರು: ಭಾನುವಾರ ಕಾರು ತೊಳೆಸಲು ಹೋದವರು ಮಧ್ಯಾಹ್ನಕ್ಕೆ ಬಂದು ಕತ್ತು ನೋವೆಂದು ನರಳುತ್ತಾರೆ, ವಾರವಿಡೀ ಕಂಪ್ಯೂಟರ್ ನೋಡಿದರೆ ಇನ್ನೇನಾಗುತ್ತದೆ ಎಂದು. ಅದಕ್ಕೆ ಆಮೇಲೆ ಮದ್ದು ಹೇಳುತ್ತೇನೆ.

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಚಿಕ್ಕವಳಿದ್ದಾಗ ಚೆಂಡು ತರಲು ಶಾಲೆಯ ಹಿಂದಿನ ಕಲ್ಲುಗೋಡೆ ಹತ್ತಿದವಳು ಚೆಂಡು ಮರೆತು ಅಲ್ಲೇ ಕುಳಿತೆ. ನಿನ್ನ ಅಜ್ಜಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಮುಂದೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವಾಗ, ರಜೆ ಸಿಕ್ಕ ದಿನವೆಲ್ಲ ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲೇ ಇರುತ್ತಿದ್ದೆ. ಬರೀ ತೋಳಿನಿಂದ ಜಗ್ಗಿ ಹತ್ತುತ್ತಿದ್ದೆ, ಅರ್ಧಕ್ಕೇ ಸುಸ್ತು. ಕಾಲನ್ನು ನಂಬಲು ಕಲಿತದ್ದು ನಿನ್ನ ಅಪ್ಪ ಹಗ್ಗ ಹಿಡಿಯಲು ಬಂದ ಮೇಲೆ.

ಬಲ್ಬ್ ಹಾಕಲು ಸ್ಟೂಲ್ ಹತ್ತಿದರೂ ತಲೆ ತಿರುಗುತ್ತಿದ್ದ ಮನುಷ್ಯ! ಆದರೆ ನಾನು ಮೇಲಿದ್ದಷ್ಟು ಹೊತ್ತೂ ಕೆಳಗೆ ನಿಂತು, ಹಗ್ಗದ ತುದಿ ಹಿಡಿದು, ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಜಾರಿದರೆ ತಡೆಯಬೇಕಾದವರು ಅವರೇ ತಾನೇ. ಮನೆಗೆ ಬಂದರೆ ಕತ್ತು ನೋವೆಂದು ದಿಂಬಿಲ್ಲದೆ ಮಲಗುತ್ತಿದ್ದರು. ಪ್ರೀತಿಯ ಮಾತು ಅವರ ಬಾಯಲ್ಲಿ ಬಂದದ್ದೇ ಕಡಿಮೆ, ನನಗೆ ಆ ಕತ್ತು ನೋವೇ ಸಾಕಾಗಿತ್ತು. ಅವರು ಹೋದ ಮೇಲೆ ಎರಡು ವರ್ಷ ಹಗ್ಗ ಮುಟ್ಟಲಿಲ್ಲ. ನಿನಗದು ನೆಮ್ಮದಿಯ ಕಾಲ, ನನಗೆ ಮೈಯೆಲ್ಲ ತುಕ್ಕು.

ಈಗ ನಿನ್ನ ಮಾತಿಗೆ ಬರುತ್ತೇನೆ. ಹತ್ತುವುದನ್ನು ಬಿಡಲಾರೆ. ಆದರೆ ಎಲ್ಲರಿಗಿಂತ ಮೊದಲು ಹತ್ತುವ ಹಟವನ್ನು ಇವತ್ತು ಬಿಟ್ಟೆ. ಮೊದಲು ಹೋಗುವವಳ ಹಗ್ಗ ಅವಳ ಕೆಳಗಿರುತ್ತದೆ, ಬಿದ್ದರೆ ದೂರ ಬೀಳುತ್ತಾಳೆ. ಬೆಳಗ್ಗೆ ಹಿಂದಿನ ಕಾಲುದಾರಿಯಿಂದ ಮೇಲೆ ಹೋಗಿ, ಹಗ್ಗವನ್ನು ಬಂಡೆಯ ನೆತ್ತಿಯ ಕೊಂಡಿಗೆ ಹಾಯಿಸಿ, ಕೆಳಗೆ ಬಂದು ಹತ್ತಿದೆ. ಜಂಭಕ್ಕೆ ಪೆಟ್ಟಾಯಿತು, ನಿಜ. ಒಮ್ಮೆ ಜಾರಿದೆ ಕೂಡ. ಬಿದ್ದದ್ದು ಒಂದೇ ಗೇಣು, ಹಗ್ಗ ತಕ್ಷಣ ಬಿಗಿಯಿತು. ಈಗ ಕೆಳಗೆ ನಿಲ್ಲುವವರೂ ಅಷ್ಟೇ ನಂಬಿಕಸ್ಥರು. ಮೇಲೆ ತಲುಪಿದಾಗ ಅದೇ ಗಾಳಿ, ಅದೇ ಸಂತೋಷ.

ಬಿಟ್ಟೆನೆಂದು ಸುಳ್ಳು ಹೇಳಿದ್ದರೆ ನೀನು ನಾಳೆಯೇ ಬರುತ್ತಿದ್ದೆ. ಮನಸ್ಸು ಒಪ್ಪಲಿಲ್ಲ. ಹೀಗಿರುವ ಅಮ್ಮನ ಮನೆಗೇ ಬಾ ಮಗಳೇ.

ನಿನ್ನ ದಾರಿ ಕಾಯುವ,
ಮೊಂಡು ಅಮ್ಮ

ಮರೆತಿದ್ದೆ: ಸುಳ್ಳು ಬೇಡವೆಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರನ್ನು ಬೈಯಬೇಡ. ಅಳಿಯಂದಿರು ಹೋಗುತ್ತಿರುವುದು ಕಾರು ತೊಳೆಸಲಿಕ್ಕಲ್ಲ. ನೀನು ಹೆದರಿ ನಿದ್ದೆಗೆಡುವುದನ್ನು ನೋಡಲಾಗದೆ, ಅತ್ತೆ ಹೇಗೂ ಬಿಡುವವರಲ್ಲ, ಹಗ್ಗವನ್ನಾದರೂ ತಾನೇ ಹಿಡಿಯುತ್ತೇನೆ ಎಂದು ಬಂದವರು. ಮುಂದಿನ ಭಾನುವಾರ ರಾತ್ರಿ ಅವರ ದಿಂಬು ತೆಗೆದಿಡು.